ಹನ್ನೆರಡು ಡಿಗ್ರಿ ಯಾರ ಪಾಲಿಗೆ?

ಡಿಸೆಂಬರ್ ಬಂತೆಂದರೆ ಹವಾಮಾನ ಇಲಾಖೆಯಿಂದ ಒಂದು ಸಾಲಿನ ಸುದ್ದಿ ಬರುತ್ತದೆ: ಬೆಂಗಳೂರಿನಲ್ಲಿ ಕನಿಷ್ಠ ಉಷ್ಣಾಂಶ 12 ಡಿಗ್ರಿಗೆ ಇಳಿಯುವ ಸಾಧ್ಯತೆ. ಅಷ್ಟು ಸಾಕು, ಊರಿಗೆ ಹಬ್ಬದ ಕಳೆ. ಫ್ಯಾಮಿಲಿ ಗ್ರೂಪಿನಲ್ಲಿ ವಿಧಾನಸೌಧದ ಮೇಲೆ ಹಿಮ ಸುರಿಯುತ್ತದೆ. ಇನ್ನು ಊಟಿಗೆ ಯಾಕೆ ಹೋಗ್ಬೇಕು ಅಂತ ಭಾವ ಕೇಳುತ್ತಾರೆ. ಬಸವೇಶ್ವರನಗರದ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಹಿರಿಯರ ತಲೆಗೆ ಮಂಕಿ ಕ್ಯಾಪ್ ಏರುತ್ತದೆ. "ಇದೂ ಒಂದ್ ಚಳೀನಾ ಸಾರ್? ನಾವ್ ಹುಡುಗ್ರಾಗಿದ್ದಾಗ ಮನೇಲಿ ಫ್ಯಾನೇ ಇರ್ಲಿಲ್ಲ" ಎಂಬ ಮಾತೂ ಆ ಕ್ಯಾಪಿನೊಳಗಿಂದಲೇ ಕೇಳಿಬರುತ್ತದೆ. ಕೆಂಗೇರಿಯಲ್ಲಿ ಮೆಟ್ರೊ ಹತ್ತಿದವರ ಸ್ವೆಟರ್ ಮೆಜೆಸ್ಟಿಕ್ ಬರುವಷ್ಟರಲ್ಲಿ ಬ್ಯಾಗ್ ಸೇರಿರುತ್ತದೆ.

ಹಿಮ ಬೀಳುವ ದೇಶದವರು ಮೊದಲ ಮುನ್ಸೂಚನೆ ಕೇಳಿದೊಡನೆ ಬ್ರೆಡ್ಡು, ಹಾಲಿಗೆ ಅಂಗಡಿಗೆ ಓಡುತ್ತಾರಂತೆ. ನಾವು ಅವರೆಕಾಯಿಗೆ ಓಡುತ್ತೇವೆ. ಅದರಲ್ಲೂ ಪಶ್ಚಿಮ ಬೆಂಗಳೂರಿನವರಿಗೆ ಈ ವಿಷಯದಲ್ಲಿ ಸ್ವಲ್ಪ ಜಂಬವೇ ಉಂಟು. ಮಾಗಡಿ ಅವರೆ ಊರೊಳಗೆ ಬರುವುದು ನಮ್ಮ ಮಾಗಡಿ ರಸ್ತೆಯಲ್ಲಿ ತಾನೆ! ವಿಜಯನಗರದ ಮಾರ್ಕೆಟ್ಟಿನಲ್ಲಿ ಗೋಣಿಚೀಲ ಹಾಸಿ ಕೂತ ಅಜ್ಜಿಗೆ ಎಲ್ಲಿಯ ಕಾಯಿ ಎಂದು ಕೇಳಿದರೆ ಬಾಯಲ್ಲಿ ಉತ್ತರ ಕೊಡುವುದಿಲ್ಲ, ಒಂದು ಕಾಯಿ ಎತ್ತಿ ಕೈಗೆ ಕೊಡುತ್ತಾರೆ. ಬೆರಳಿಗೆ ಜಿಡ್ಡು ಹತ್ತಿದರೆ ವ್ಯಾಪಾರ ಮುಗಿಯಿತು. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅನ್ನುವುದು ಅವರ ಮಾತು. ಆಮೇಲೆ ಒಂದು ತಿಂಗಳು ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಕಾಳು ಹಿದುಕುವುದೇ ಕೆಲಸ. ಚಳಿಯಿಂದ ನಮಗೆ ಆಗಿರುವ ನಿಜವಾದ ಉಪಕಾರ ಇದೊಂದೇ ಎಂದು ನನ್ನ ಅಭಿಪ್ರಾಯ.

ಸುದ್ದಿವಾಹಿನಿಗಳಿಗೆ ಇಷ್ಟು ಸಾಲದು. 'ಇಷ್ಟು ವರ್ಷಗಳಲ್ಲೇ ಕನಿಷ್ಠ' ಎಂಬ ಪಟ್ಟಿ ಓಡಲೇಬೇಕು. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿ 13ರಂದು ಬಿದ್ದದ್ದು, 7.8 ಡಿಗ್ರಿ. ಡಿಸೆಂಬರ್ ತಿಂಗಳ ದಾಖಲೆಯೂ ಅದೇ ಚಳಿಗಾಲದ್ದು: 1883ರ ಡಿಸೆಂಬರ್ 29, 8.9 ಡಿಗ್ರಿ. ಆ ವರ್ಷದ ಆಗಸ್ಟಿನಲ್ಲೇ ಕ್ರಕಟೋವಾ ಜ್ವಾಲಾಮುಖಿ ಸಿಡಿದಿತ್ತು ಎಂಬುದನ್ನು ಸುಮ್ಮನೆ ನೆನಪಿಸುತ್ತೇನೆ. ಎರಡಕ್ಕೂ ಗಂಟು ಹಾಕುವ ಕೆಲಸ ವಿಜ್ಞಾನಿಗಳದು. ಅಂದಿನಿಂದ ಇಂದಿನವರೆಗೆ ಯಾವ ಚಳಿಯೂ ಆ ಅಂಕಿಗಳನ್ನು ಮುರಿದಿಲ್ಲ. ಬಯಲುಸೀಮೆಯಲ್ಲಿ ಶೀತಗಾಳಿ ಎಂದು ಘೋಷಿಸಲು ಉಷ್ಣಾಂಶ 10 ಡಿಗ್ರಿಗಿಂತ ಮೇಲಿರಬಾರದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕೆಳಗಿರಬೇಕು ಎನ್ನುತ್ತದೆ ಹವಾಮಾನ ಇಲಾಖೆ. ನಮ್ಮ 12 ಡಿಗ್ರಿ ಕಂಡರೆ ಬೀದರಿನವರು ನಕ್ಕಾರು.

ಹಗಲಿಡೀ ನಡುಗಿಸುವ ಚಳಿಯ ಜಾತಿಯೇ ಬೇರೆ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ ಇಲ್ಲಿ ಮೋಡ ಕವಿದು ಜಡಿಮಳೆ ಹಿಡಿಯುತ್ತದೆ. ಬಿಸಿಲಿಲ್ಲ, ಮಹಡಿ ಮೇಲಿನ ಸೋಲಾರ್ ನೀರು ಕಾಯುವುದಿಲ್ಲ, ಮನೆಯಲ್ಲಿ ಸ್ನಾನದ ಸರದಿಗೆ ಜಗಳ. ಆದರೆ ಆ ದಿನಗಳಲ್ಲಿ ರಾತ್ರಿಯ ಉಷ್ಣಾಂಶ ಅಷ್ಟೇನೂ ಇಳಿಯುವುದಿಲ್ಲ. ಮೋಡವೇ ನೆಲಕ್ಕೆ ಕಂಬಳಿ. 12 ಡಿಗ್ರಿಯ ಚಳಿ ಬರುವುದು ಆಕಾಶ ತಿಳಿಯಾಗಿ, ಒಣಗಾಳಿ ಬೀಸಿ, ನೆಲ ರಾತ್ರಿಯಿಡೀ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟಾಗ. ಆದ್ದರಿಂದ ದಿನದ ಕನಿಷ್ಠ ಉಷ್ಣಾಂಶ ದಾಖಲಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ. ಈ ತಿಂಗಳಲ್ಲಿ ನಮ್ಮೂರಿನ ಸೂರ್ಯೋದಯ ಆರೂವರೆಯ ಆಸುಪಾಸು.

ಆರೂವರೆಗೆ ನಾವೆಲ್ಲಿರುತ್ತೇವೆ? ಹೊದಿಕೆಯೊಳಗೆ. ನಾವು ಸಂಭ್ರಮಿಸುವ ಆ ಅಂಕಿಯನ್ನು ನಮ್ಮಲ್ಲಿ ಹೆಚ್ಚಿನವರು ಮೈಮೇಲೆ ಅನುಭವಿಸಿಯೇ ಇಲ್ಲ. ಅನುಭವಿಸುವವರು ಹಾಲಿನ ವ್ಯಾನಿನವರು, ಪೇಪರ್ ಹುಡುಗರು, ಎಲ್ಲಕ್ಕಿಂತ ಹೆಚ್ಚಾಗಿ ಪೌರಕಾರ್ಮಿಕರು. ರಾಜಾಜಿನಗರದ ಅಡ್ಡರಸ್ತೆಗಳಲ್ಲಿ ಬೆಳಕು ಪೂರ್ತಿ ಹರಿಯುವ ಮೊದಲೇ ಅವರ ಹಾಜರಿ ಆಗಿರುತ್ತದೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು, ಅದರ ಮೇಲೆ ಪಾಲಿಕೆಯ ಕೋಟು, ಕಿವಿಗೆ ಸುತ್ತಿದ ಟವೆಲ್ಲು. ಇಬ್ಬನಿಗೆ ಒದ್ದೆಯಾದ ಎಲೆ ಟಾರಿಗೆ ಅಂಟಿಕೊಂಡು ಒಂದು ಗುಡಿಸಿಗೆ ಏಳುವುದಿಲ್ಲ, ಅದೇ ಜಾಗ ಮತ್ತೆ ಗುಡಿಸಬೇಕು. ಒಂದಿಷ್ಟು ಎಲೆಗೆ ಬೆಂಕಿ ಹಚ್ಚಿ ಕೈ ಕಾಸಿಕೊಂಡರೆ ಬಾಲ್ಕನಿಯಿಂದ ಯಾರೋ ಫೋಟೊ ತೆಗೆದು ದೂರು ಕಳಿಸುತ್ತಾರೆ. ಎಲೆ ಸುಡಬಾರದು, ಸರಿ. ಚಳಿಗೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹವಾಮಾನ ನೋಡಿ ಕೆಲಸದ ವೇಳೆ ಬದಲಿಸುವುದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಬೇಸಿಗೆ ಬಂದರೆ ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನಿನಡಿ ಕೂತು ಕೆಲಸ ಮಾಡುವವರಿಗೆ ಬಿಸಿಲಿನಿಂದ ಆ ರಿಯಾಯಿತಿ ಇದೆ. ಅದನ್ನು ತಪ್ಪೆನ್ನುವುದಿಲ್ಲ, ಅಲ್ಲಿಯ ಬಿಸಿಲು ಅಂಥದ್ದೇ. ಬೀದಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಚಳಿಯಿಂದಲೂ ಅಂಥದೊಂದು ರಿಯಾಯಿತಿ ಯಾಕಿರಬಾರದು?

ಟ್ರಾಫಿಕ್ ಶುರುವಾಗುವ ಮೊದಲೇ ಗುಡಿಸಬೇಕು ಎಂಬ ಉತ್ತರ ಬರುತ್ತದೆ. ಕಾರ್ಡ್ ರೋಡಿಗೆ, ಮೈಸೂರು ರಸ್ತೆಗೆ ಆ ಮಾತು ಒಪ್ಪುತ್ತದೆ. ಒಳಗಿನ ಕ್ರಾಸುಗಳಿಗೆ ಒಪ್ಪುವುದಿಲ್ಲ. ಮಧ್ಯಾಹ್ನ ಬೇಗ ಮನೆ ಸೇರಬೇಕಾದ ತಾಯಂದಿರು ಈಗಿನ ವೇಳೆಯೇ ಇರಲಿ ಎನ್ನಲೂಬಹುದು. ಹಾಗಿದ್ದರೆ ಬೇಡ, ಆದರೆ ಕೇಳಿಯಾದರೂ ನೋಡಿ.

ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಪಶ್ಚಿಮಕ್ಕೆಂದೇ ಈಗ ಬೇರೆ ನಗರ ಪಾಲಿಕೆ ಇದೆ. ಅದರ ಆಯುಕ್ತರಲ್ಲಿ ನನ್ನ ಕೋರಿಕೆ ಇಷ್ಟೇ: ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ, ಕನಿಷ್ಠ ಉಷ್ಣಾಂಶ 14 ಡಿಗ್ರಿಗಿಂತ ಕೆಳಗಿಳಿಯುವ ಮುನ್ಸೂಚನೆ ಇರುವ ದಿನಗಳಲ್ಲಿ, ಒಳರಸ್ತೆಗಳ ಹಾಜರಿಯನ್ನು ಒಂದು ಗಂಟೆ ಮುಂದಕ್ಕೆ ಹಾಕಿ. ಅದಕ್ಕೂ ಮೊದಲು ಒಂದು ವಾರ್ಡಿನ ಪೌರಕಾರ್ಮಿಕರನ್ನು ಕೂರಿಸಿಕೊಂಡು ಅವರಿಗೆ ಯಾವ ವೇಳೆ ಆಗುತ್ತದೆ ಎಂದು ವಿಚಾರಿಸಿ.