ಕಾರಿಲ್ಲದ ದಾರಿ ಯಾರದು?

ಫ್ರಾನ್ಸಿನ ನದಿಗಳಲ್ಲೆಲ್ಲ ಉದ್ದವಾದದ್ದು ಲ್ವಾರ್. ಸುಮಾರು ಒಂದು ಸಾವಿರ ಕಿಲೋಮೀಟರು ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುವ ಈ ನದಿಯ ಬದಿಯಲ್ಲಿ, ನೆವೇರ್ ಪಟ್ಟಣದ ಸಮೀಪದಿಂದ ಕಡಲಿನವರೆಗೆ, ಇಂದು ಸುಮಾರು ಒಂಬೈನೂರು ಕಿಲೋಮೀಟರಿನ ಸೈಕಲ್ ದಾರಿಯೊಂದಿದೆ. ಕೆಲವೆಡೆ ಅದು ಸೈಕಲ್ಲಿಗೇ ಮೀಸಲು. ಕೆಲವೆಡೆ ಮೋಟಾರುಗಳು ವಿರಳವಾದ ಹಳ್ಳಿಯ ರಸ್ತೆ. ಬೇಸಿಗೆ ಬಂತೆಂದರೆ ಕ್ಯಾರಿಯರಿನ ಎರಡೂ ಬದಿಗೆ ಚೀಲ ಇಳಿಬಿಟ್ಟು, ಕಾರನ್ನು ಮನೆಯಲ್ಲಿಯೇ ಬಿಟ್ಟು, ಮಕ್ಕಳುಮರಿಗಳೊಡನೆ ಹೊರಟವರು ಇಲ್ಲಿ ಕಾಣಸಿಗುತ್ತಾರೆ. ಇದು ಬಿಡುವಿದ್ದವರ ವಿಹಾರ, ನಮಗೇಕೆ ಅದರ ಗೊಡವೆ ಎಂದು ಪಕ್ಕಕ್ಕಿಡಬಹುದು. ಆದರೆ ರಸ್ತೆ ಯಾರದು, ವಿರಾಮ ಯಾರದು ಎಂಬ ಎರಡು ಹಳೆಯ ಪ್ರಶ್ನೆಗಳು ಈ ದಾರಿಯ ಮೇಲೆ ಎದುರುಬದುರಾಗಿ ನಿಂತಿರುವುದರಿಂದ, ವಿಷಯ ತುಸು ನಿಂತು ನೋಡತಕ್ಕದ್ದಾಗಿದೆ.

ಸುಲ್ಲಿಯಿಂದ ಶಲೋನ್‌ವರೆಗಿನ ಲ್ವಾರ್ ಕಣಿವೆಯನ್ನು ಯುನೆಸ್ಕೋ ಸಂಸ್ಥೆ 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕೇವಲ ಅರಮನೆಗಳಿಗೆ ಸಂದ ಗೌರವವಲ್ಲ ಇದು. ನದಿಯೂ ಮನುಷ್ಯನೂ ಕೂಡಿ ರೂಪಿಸಿದ ಇಡೀ ಭೂದೃಶ್ಯಕ್ಕೆ ಸಂದದ್ದು. ಪ್ರವಾಹವನ್ನು ತಡೆಯಲೆಂದು ಹನ್ನೆರಡನೆಯ ಶತಮಾನದಿಂದೀಚೆಗೆ ಇಲ್ಲಿಯ ಜನ ಕಟ್ಟುತ್ತ ಬಂದ ಮಣ್ಣಿನ ಒಡ್ಡುಗಳ ನೆತ್ತಿಯ ಮೇಲೆಯೇ ಇಂದಿನ ಸೈಕಲ್ ಸವಾರ ಹಲವೆಡೆ ಸಾಗುತ್ತಾನೆ. ಕೆಳಗೆ ಹರಿಯುವ ನೀರಿನಲ್ಲಿ ಒಂದಾನೊಂದು ಕಾಲಕ್ಕೆ ಚಪ್ಪಟೆ ತಳದ ಹಾಯಿದೋಣಿಗಳ ಸಾಲು ಹೋಗುತ್ತಿತ್ತು. ಸಾಗರದ ಕಡೆಯಿಂದ ಬೀಸುವ ಪಡುವಣ ಗಾಳಿ ಆ ದೋಣಿಗಳನ್ನು ಹೊಳೆಯ ಎದುರಿಗೆ ಏರಿಸುತ್ತಿತ್ತು. ದಾರಿಯಲ್ಲಿ ಹುಳಿತುಹೋದ ದ್ರಾಕ್ಷಾರಸದಿಂದ ಓರ್ಲೆಯಾಂ ಪಟ್ಟಣದ ವಿನೆಗರು ಹೆಸರುವಾಸಿಯಾಯಿತು. 1843ರಲ್ಲಿ ಪ್ಯಾರಿಸಿನಿಂದ ಓರ್ಲೆಯಾಂಗೆ ರೈಲು ಬಂತು. 1851ರ ಹೊತ್ತಿಗೆ ನಾಂತ್ ನಗರವನ್ನು ಮುಟ್ಟಿತು. ದೋಣಿಗಳು ಕ್ರಮೇಣ ಕಣ್ಮರೆಯಾದುವು. ಮುಂದೆ ಮೋಟಾರು ಬಂದು, ಅದೇ ರೈಲಿನ ಸಣ್ಣಪುಟ್ಟ ಕವಲುಗಳನ್ನು ನುಂಗಿತು. ಅಂಬಿಗರೂ ಗಾಡಿಯವರೂ ಬಿಟ್ಟುಹೋದ ದಂಡೆಯನ್ನು ಸೈಕಲ್ಲು ಈಗ ತನ್ನದಾಗಿಸಿಕೊಂಡಿದೆ. ಪಶ್ಚಿಮದಿಂದ ಹೊರಟರೆ ಗಾಳಿ ಬೆನ್ನಿಗಿರುತ್ತದೆಂದು ಸವಾರರು ಇಂದಿಗೂ ಲೆಕ್ಕ ಹಾಕುವಾಗ, ಮರೆತುಹೋದ ಅಂಬಿಗನ ಜಾಣತನವೇ ಅವರಲ್ಲಿ ಮರಳಿ ಬಂದಂತಿದೆ.

ದಂಡೆಯ ಮೇಲಿನ ಇಳಿಜಾರುಗಳಲ್ಲಿ ದ್ರಾಕ್ಷಿಯ ತೋಟಗಳು. ಸಾನ್ಸೇರ್, ವೂವ್ರೆ, ಸೊಮ್ಯೂರ್ ಎಂಬವು ಊರಿನ ಹೆಸರುಗಳೂ ಹೌದು, ಮದ್ಯದ ಹೆಸರುಗಳೂ ಹೌದು. ಅರಮನೆಗಳಿಗೂ ಮನೆಗಳಿಗೂ ಬೇಕಾದ ಬಿಳಿಯ ಮೆದುಗಲ್ಲನ್ನು ಅಗೆದು ತೆಗೆದ ಗವಿಗಳೇ ಮುಂದೆ ಪೀಪಾಯಿಗಳನ್ನಿಡುವ ನೆಲಮಾಳಿಗೆಗಳಾದುವು. ಕಾರಿನ ಕಿಟಕಿಯಿಂದ ನೋಡುವವನಿಗೆ ಈ ಊರುಗಳು ಹಿಂದೋಡುವ ನಾಮಫಲಕಗಳು ಮಾತ್ರ. ಸೈಕಲ್ಲಿನವನಿಗೆ ಏರು, ಇಳಿವು, ಮಣ್ಣಿನ ಬಣ್ಣ, ಬಾವಿಕಟ್ಟೆಯ ನೆರಳು ಎಲ್ಲವೂ ಮೈಗೆ ತಿಳಿಯುತ್ತವೆ. ಹಾಗೆಂದು ಇದನ್ನು ಕಾಲ ನಿಂತುಹೋದ ನಂದನವೆಂದು ಭ್ರಮಿಸಬಾರದು. ಇದೇ ನದಿಯ ನೀರು ನಾಲ್ಕು ಅಣುವಿದ್ಯುತ್ ಸ್ಥಾವರಗಳನ್ನು ತಣಿಸುತ್ತದೆ. 2021ರ ಏಪ್ರಿಲ್‌ನಲ್ಲಿ, ಚಳಿ ಮುಗಿಯಿತೆಂದು ಚಿಗುರಿದ ಬಳ್ಳಿಗಳ ಮೇಲೆ ಹಿಮ ಬಿದ್ದಾಗ, ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರು ರಾತ್ರಿಯೆಲ್ಲ ತೋಟಗಳಲ್ಲಿ ದೊಡ್ಡ ದೊಡ್ಡ ಮೇಣದ ದೀಪಗಳನ್ನು ಹಚ್ಚಿ ಬಳ್ಳಿಯನ್ನು ಕಾಯ್ದರು. ಋತುಗಳ ಲೆಕ್ಕ ತಪ್ಪುತ್ತಿರುವ ಈ ಕಾಲದಲ್ಲಿ ಹೊಗೆಯಿಲ್ಲದ ವಾಹನವೆಂಬುದು ಬರಿಯ ಹವ್ಯಾಸದ ಮಾತಾಗಿ ಉಳಿದಿಲ್ಲ.

ನಿಧಾನವಾಗಿ ದೇಶ ನೋಡುವ ಈ ಪದ್ಧತಿಗೆ ಫ್ರಾನ್ಸಿನಲ್ಲಿ ಒಬ್ಬ ಹಿರಿಯನಿದ್ದಾನೆ. 1853ರಲ್ಲಿ ಹುಟ್ಟಿ, ಸೇಂತ್ ಎತಿಯೆನ್ ಪಟ್ಟಣದಲ್ಲಿ ಬಾಳಿದ ಪೋಲ್ ದ ವಿವಿ ಎಂಬಾತ 1887ರಲ್ಲಿ ಸೈಕಲ್ಲಿಗೇ ಮೀಸಲಾದ ಪತ್ರಿಕೆಯೊಂದನ್ನು ಹೊರಡಿಸಿ, ‘ವೆಲೋಸಿಯೊ’ ಎಂಬ ಅಂಕಿತದಿಂದ ಬರೆಯುತ್ತಿದ್ದ. ಹಸಿವಾಗುವ ಮುನ್ನ ಉಣ್ಣು, ಬಾಯಾರುವ ಮುನ್ನ ಕುಡಿ, ಒಣಪ್ರತಿಷ್ಠೆಗಾಗಿ ಮಾತ್ರ ಪೆಡಲು ತುಳಿಯಬೇಡ ಎಂಬುದು ಅವನ ಉಪದೇಶದ ಸಾರ. ದ್ರಾಕ್ಷಾರಸದ ನಾಡಿನ ಈ ಮನುಷ್ಯ, ಪ್ರಯಾಣದ ದಿನಗಳಲ್ಲಾದರೂ ದ್ರಾಕ್ಷಾರಸವನ್ನು ಬಿಡಿರೆಂದು ಹೇಳಿದನೆಂಬುದು ಇಂದಿನ ಮದ್ಯಪ್ರವಾಸದ ವ್ಯಾಪಾರಿಗಳಿಗೆ ಅಷ್ಟೇನೂ ರುಚಿಸಲಾರದು. ಸಾಮಾನ್ಯನೂ ಬೆಟ್ಟ ಹತ್ತುವಂತಾಗಲೆಂದು ಗೇರು ಬದಲಿಸುವ ಸಾಧನಕ್ಕಾಗಿ ಅವನು ವಾದಿಸಿದ. ಆದರೆ 1903ರಲ್ಲಿ ಆರಂಭವಾದ ‘ತೂರ್ ದ ಫ್ರಾನ್ಸ್’ ಸ್ಪರ್ಧೆಯ ಸ್ಥಾಪಕ ಆನ್ರಿ ದೆಗ್ರಾಂಜ್‌ಗೆ ಅದು ದುರ್ಬಲರ ಊರುಗೋಲಾಗಿ ಕಂಡಿತು. ಆ ಸ್ಪರ್ಧೆಯಲ್ಲಿ ಅಂಥ ಗೇರಿಗೆ ಪ್ರವೇಶ ದೊರೆತದ್ದು 1937ರಲ್ಲಿ. ಸೈಕಲ್ಲು ವೀರನದೋ ಸಾಮಾನ್ಯನದೋ ಎಂಬ ವಿವಾದ ಇಷ್ಟು ಹಳೆಯದು. ವೆಲೋಸಿಯೊ ಆ ದಿನವನ್ನು ಕಾಣಲಿಲ್ಲ. 1930ರಲ್ಲಿ, ತನ್ನ ಸೈಕಲ್ಲನ್ನು ತಳ್ಳಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದಾಗ, ಟ್ರಾಮು ಬಡಿದು ಅವನು ತೀರಿಕೊಂಡ.

ಸಾಮಾನ್ಯನಿಗೆ ಗೇರು ಸಿಕ್ಕಿದರೆ ಸಾಲದು, ಬಿಡುವೂ ಬೇಕು. ಅದು ದೊರೆತದ್ದು 1936ರಲ್ಲಿ. ಆ ವರ್ಷದ ಭಾರಿ ಮುಷ್ಕರಗಳ ಬೆನ್ನಿಗೆ ಲೆಯೊಂ ಬ್ಲೂಮನ ಸರಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಶಾಸನದಿಂದ ಒದಗಿಸಿತು. ಕಾರ್ಖಾನೆಯ ಗೋಡೆಯಾಚೆಗೆ ಕಡಲನ್ನೇ ಕಾಣದಿದ್ದ ಗಂಡಹೆಂಡಿರು ಇಬ್ಬರು ತುಳಿಯುವ ಸೈಕಲ್ಲನ್ನೇರಿ ಊರು ಬಿಟ್ಟರು. ಅದೇ ವರ್ಷ ವೂವ್ರೆ, ಸಾನ್ಸೇರ್‌ಗಳ ಮದ್ಯಕ್ಕೂ ಶಾಸನದ ರಕ್ಷಣೆ ದೊರೆಯಿತು: ಆ ನೆಲದಲ್ಲಿ ಬೆಳೆದದ್ದಕ್ಕಲ್ಲದೆ ಆ ಹೆಸರು ಸಲ್ಲದು ಎಂಬ ನಿಯಮ. ಒಂದು ಶಾಸನ ನೆಲದ ಹೆಸರನ್ನು ಕಾಪಾಡಿತು. ಇನ್ನೊಂದು ಆ ನೆಲವನ್ನು ನೋಡಿಬರುವ ಬಿಡುವನ್ನು ದುಡಿಯುವವನಿಗೆ ಕೊಟ್ಟಿತು. ಇಂದು ನಾವು ಸಹಜವೆಂದು ಭಾವಿಸುವ ವಿಹಾರದ ಹಿಂದೆ ಇಂಥ ಹೋರಾಟಗಳಿವೆ.

ಎರಡನೆಯ ಮಹಾಯುದ್ಧದ ತರುವಾಯ ಕಾರು ಬಂತು. ರಜೆಯೂ ಬದುಕೂ ಅದರ ಮೇಲೆ ನಿಂತುವು. ಹಳ್ಳಿಯ ಅಂಗಡಿ, ಅಂಚೆ ಕಚೇರಿ, ರೈಲು ನಿಲ್ದಾಣಗಳು ಒಂದೊಂದಾಗಿ ಮುಚ್ಚಿದಂತೆ, ಕಾರಿಲ್ಲದೆ ಕೆಲಸಕ್ಕೂ ಔಷಧಕ್ಕೂ ಹೋಗಲಾಗದ ಸ್ಥಿತಿ ಗ್ರಾಮಾಂತರದಲ್ಲಿ ಬೇರೂರಿತು. 2018ರ ನವೆಂಬರ್ 17ರಂದು ದೇಶದ ಉದ್ದಗಲಕ್ಕೂ ರಸ್ತೆಗಳ ಕೂಡುದಾಣಗಳಲ್ಲಿ ಜನ ಹಳದಿ ಕವಚ ತೊಟ್ಟು ನಿಂತದ್ದು ಈ ಹಿನ್ನೆಲೆಯಲ್ಲಿ. ಇಂಧನದ ಮೇಲಿನ ತೆರಿಗೆಯ ಏರಿಕೆ ಆ ಕಿಚ್ಚಿಗೆ ಕಿಡಿಯಾಯಿತು. ಡಿಸೆಂಬರಿನಲ್ಲಿ ಸರಕಾರ ಅದನ್ನು ಕೈಬಿಡಬೇಕಾಯಿತು. ವಾಯುಮಂಡಲದ ಹಿತಕ್ಕಾಗಿ ಎಂದು ಹೇರಿದ ತೆರಿಗೆ, ಬೇರೆ ದಾರಿಯೇ ಇಲ್ಲದವನ ಕಿಸೆಗೆ ಕೈಹಾಕಿದಾಗ ಆಗುವುದು ಇದೇ.

ಇಲ್ಲಿದೆ ನಮ್ಮ ವಿಷಯದ ಗಂಟು. ಪಟ್ಟಣದಿಂದ ಬಂದವನು ಹತ್ತು ದಿನ ಕಾರಿಲ್ಲದೆ ಇದ್ದು ಅದನ್ನು ಸುಖವೆನ್ನುತ್ತಾನೆ; ಅವನು ಹಾದುಹೋಗುವ ಹಳ್ಳಿಯವನಿಗೆ ಹತ್ತು ದಿನ ಕಾರಿಲ್ಲದಿರುವುದು ಸಂಕಟ. ನದಿಯ ದಂಡೆಯ ದಾರಿ ಯಾರ ದಾರಿಗೂ ಅಡ್ಡಬರದೆ ಸಾಗುವುದರಿಂದ ಎಲ್ಲರಿಗೂ ಪ್ರಿಯ. ಮನೆಯಿಂದ ಶಾಲೆಗೆ, ಶಾಲೆಯಿಂದ ಸಂತೆಗೆ, ಸಂತೆಯಿಂದ ನಿಲ್ದಾಣಕ್ಕೆ ಹೋಗುವ ಸೈಕಲ್ ದಾರಿಯ ಮಾತು ಬಂದಾಗ ಮೋಟಾರಿನಿಂದ ಜಾಗ ಬಿಡಿಸಿಕೊಳ್ಳಬೇಕಾಗುತ್ತದೆ. ರಾಜಕಾರಣ ಆರಂಭವಾಗುವುದು ಅಲ್ಲಿ.

ಸರಕಾರ ಸುಮ್ಮನೆ ಕುಳಿತಿತ್ತೆಂದು ಹೇಳಲಾಗದು. ಸಾಂತ್ರ್ ಮತ್ತು ಪೇಯಿ ದ ಲ ಲ್ವಾರ್ ಎಂಬ ಎರಡು ಪ್ರಾಂತಾಡಳಿತಗಳು ಕೂಡಿ ಈ ನದಿಯ ದಾರಿಯನ್ನು ಹಾಕಿದುವು. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗಿನ ಯೂರೋಪಿನ ಆರನೆಯ ಸೈಕಲ್ ಮಾರ್ಗಕ್ಕೆ ಅದು ಈಗ ಬೆಸೆದುಕೊಂಡಿದೆ. 2019ರ ಸಂಚಾರ ಶಾಸನವನ್ನೂ 2021ರ ಆಜ್ಞೆಯನ್ನೂ ಅನುಸರಿಸಿ, ಹೊಸದಾಗಿ ಬರುವ ರೈಲುಗಳಲ್ಲಿ ಸೈಕಲ್ಲಿಗೆ ಜಾಗವಿರಬೇಕೆಂಬ ನಿಯಮವಾಯಿತು. ಇದು ಸಣ್ಣ ಸಂಗತಿಯಂತೆ ಕಂಡರೂ ಮುಖ್ಯವಾದದ್ದು. ರೈಲು ಸೈಕಲ್ಲನ್ನು ಹತ್ತಿಸಿಕೊಳ್ಳದಿದ್ದರೆ, ಕಾರಿಲ್ಲದ ಪ್ರವಾಸಕ್ಕೆ ಹೊರಟವನು ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡೇ ಬರಬೇಕಾದೀತು. 2023ರ ಮೇ ತಿಂಗಳಲ್ಲಿ, 2027ರವರೆಗೆ ಸೈಕಲ್ಲಿಗಾಗಿ ಎರಡು ಸಾವಿರ ಮಿಲಿಯ ಯೂರೋ ವೆಚ್ಚಮಾಡುವುದಾಗಿ ಸರಕಾರ ಸಾರಿತು. ಆದರೆ 2025ರ ಆಯವ್ಯಯವನ್ನು ಸಿದ್ಧಪಡಿಸುವಾಗ ಮಿತವ್ಯಯದ ಕತ್ತರಿ ಬಿದ್ದದ್ದು ಈ ಹಣದ ಮೇಲೆಯೂ. ಬೊಕ್ಕಸಕ್ಕೆ ಬಿಗಿಯಾದಾಗ ಮೊದಲು ಕೈಬಿಡತಕ್ಕದ್ದು ಸೈಕಲ್ಲು ಎಂಬ ಭಾವನೆ ಉಳಿದಿರುವವರೆಗೆ, ಅದು ಅಲಂಕಾರವೇ ಹೊರತು ನೀತಿಯಾಗದು.

ಹಾಗಾದರೆ ನದಿಯ ದಾರಿ ವ್ಯರ್ಥವೆ? ಅಲ್ಲ. ಒಮ್ಮೆ ಅದರಲ್ಲಿ ಹೋಗಿಬಂದವನು ತನ್ನ ಊರಿನ ಬೀದಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ಇಲ್ಲಿ ಏಕಿಲ್ಲ ಎಂದು ಕೇಳುತ್ತಾನೆ. 1936ರಲ್ಲಿ ಕಾರ್ಮಿಕ ಕೇಳಿದ್ದೂ ಅಂಥದೇ ಪ್ರಶ್ನೆ: ವಿರಾಮ ಕೆಲವರಿಗೇ ಏಕೆ? ಲ್ವಾರ್ ದಂಡೆಯ ಹಳ್ಳಿಯೊಂದರ ಹುಡುಗಿ ಪ್ರವಾಸಿಗಳ ಅದೇ ದಾರಿಯಲ್ಲಿ ನಿರ್ಭಯವಾಗಿ ಶಾಲೆಗೆ ಹೋಗಿ, ಅವಳ ತಾಯಿ ಅದೇ ದಾರಿಯಲ್ಲಿ ರೈಲು ನಿಲ್ದಾಣ ಮುಟ್ಟಿ, ರೈಲು ಅಲ್ಲಿ ನಿಲ್ಲುವಂತಾದ ದಿನ ಆ ದಾರಿ ನಿಜವಾಗಿ ಪೂರ್ತಿಯಾಯಿತೆನ್ನಬಹುದು. ಒಂಬೈನೂರು ಕಿಲೋಮೀಟರು ಹಾಕಿದವರಿಗೆ ಹಳ್ಳಿಯಿಂದ ನಿಲ್ದಾಣದವರೆಗಿನ ಕೊನೆಯ ನಾಲ್ಕು ಕಿಲೋಮೀಟರು ಅಸಾಧ್ಯವಾಗಲಾರದು.