ಸ್ಪೀಕರಿಗೆ ಸಾಲ ಸಿಗ್ತದೆ, ಕೀಬೋರ್ಡಿಗೆ ಸಿಗಲ್ಲ

ಮೊನ್ನೆ ಪುಣೆಯಿಂದ ಬಂದ ಗೆಳೆಯರೊಬ್ಬರು ಊಟಕ್ಕೆ ಕೂತಾಗ, "ನಿಮ್ಮ ಬಾರಾಮತಿಯಲ್ಲಿ ಸಂಗೀತ ಅಂದ್ರೆ ಡಿಜೆ ಗದ್ದಲ ಅಷ್ಟೇ ಬಿಡ್ರಿ" ಅಂದ್ರು. ಅವರ ಮಗನಿಗೆ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು. 2016ರಲ್ಲಿ ಸನ್‌ಬರ್ನ್ ಉತ್ಸವ ಗೋವಾ ಬಿಟ್ಟು ಪುಣೆ ಪಕ್ಕದ ಕೇಸನಂದಕ್ಕೆ ಬಂದಾಗ ಟಿಕೆಟ್ ತಗೊಂಡು ಹೋಗಿದ್ದನಂತೆ. ಅದು ಸಂಗೀತ, ಇದು ಗದ್ದಲ! ಬಾಯಲ್ಲಿ ಭಾಕರಿ ಇತ್ತು, ಸುಮ್ಮನಾದೆ. ಆದ್ರೆ ಮಾತು ಹೊಟ್ಟೆಯಲ್ಲೇ ಉಳೀತು.

ನಾನು ಇಂಡಿ ಕಡೆಯವನು. ವರ್ಗಾವಣೆ ಇಂದಾಪುರ, ಫಲಟಣ ಅಂತ ಸುತ್ತಿಸಿದರೂ ಇಪ್ಪತ್ತಾರು ವರ್ಷದಿಂದ ಮನೆ ಬಾರಾಮತಿಯಲ್ಲೇ. ಬಂದ ಹೊಸದರಲ್ಲಿ ಗಣಪತಿ ಮುಂದೆ ಬೆಂಜೋ ಪಾರ್ಟಿಗಳದೇ ಜೋರು. ಈ ಬೆಂಜೋ ಅಮೆರಿಕದ್ದಲ್ಲ ಮತ್ತೆ. ಜಪಾನಿನ ನಗೋಯಾದಲ್ಲಿ 1912ರಲ್ಲಿ ಗೊರೊ ಮೊರಿತಾ ಅನ್ನುವವರು ಮಾಡಿದ ತಾಯ್‌ಶೊಗೊತೊ, ಟೈಪ್‌ರೈಟರ್ ಥರದ ಕೀಲಿ ಇರುವ ತಂತಿವಾದ್ಯ. ನಮ್ಮ ದೇಶಕ್ಕೆ ಬಂದು ಬುಲ್‌ಬುಲ್ ತರಂಗ್ ಆಯ್ತು. ನಮ್ಮ ಹುಡುಗರು ಅದಕ್ಕೆ ಪಿಕಪ್ ಜೋಡಿಸಿ, ಆಂಪ್ಲಿಫೈಯರಿಗೆ ಕೊಟ್ಟು, ಟೆಂಪೋ ಮೇಲೆ ಹತ್ತಿಸಿದರು. ಪಕ್ಕಕ್ಕೆ ಒಂದು ಕೀಬೋರ್ಡು, ಒಂದು ಆಕ್ಟೋಪ್ಯಾಡ್. ರೋಲ್ಯಾಂಡ್ ಕಂಪನಿ 1985ರಲ್ಲಿ ತಂದ ಎಂಟು ಚೌಕದ ಆ ಯಂತ್ರದ ಪೀಳಿಗೆಯಲ್ಲಿ ಈಗ ಹಲಗಿ, ಢೋಲಕಿ, ಸಂಬಳ ಎಲ್ಲಾ ನುಡೀತಾವೆ. (ಸಂಬಳ ಅಂದ್ರೆ ಒಂದನೇ ತಾರೀಖಿನದಲ್ಲ, ಗೋಂಧಳಿಗರ ಜೋಡಿ ವಾದ್ಯ!) ಆ ಹಲಗಿ ನಮ್ಮ ಊರಿನ ಹಲಗೆಯೇ. ಮೊದಲ ಸಲ ಕೇಳಿದಾಗ ಇಂಡಿಯ ಜಾತ್ರೆಯಲ್ಲೇ ನಿಂತ ಹಾಗಾಯ್ತು.

ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಯಂತ್ರಗಳ ಮೇಲೆ ಹತ್ತು ರಾಗ ನುಡಿಸಿ ರೆಕಾರ್ಡ್ ತಂದಿದ್ದರು. ಆಗ ಕೊಂಡವರು ಕಡಿಮೆ. 2010ರಲ್ಲಿ ಮರುಮುದ್ರಣ ಆದಮೇಲೆ ಪರದೇಶದವರು ಬೆರಗಾದರು. ದೊಡ್ಡ ಕೆಲಸವೇ. ಆದ್ರೆ ಅದು ಸ್ಟುಡಿಯೋದ ಕೆಲಸ, ಬೀದಿಗೆ ಇಳಿಯಲಿಲ್ಲ. ಸಣ್ಣ ಊರಿನವನಿಗೆ ಆ ಅನುಕೂಲ ಇಲ್ಲ ನೋಡಿ. ಜನ ಕುಣಿಯದಿದ್ದರೆ ಮುಂದಿನ ವರ್ಷ ಮಂಡಳದವರು ಅಡ್ವಾನ್ಸ್ ಕೊಡಲ್ಲ. ಬೀಟು ಎಲ್ಲಿ ಏರಬೇಕು, ಎಲ್ಲಿ ಒಂದು ಕ್ಷಣ ನಿಲ್ಲಬೇಕು ಅನ್ನೋದನ್ನ ಅವನು ಕಾಲುಗಳನ್ನ ನೋಡಿ ಕಲಿತವನು. ಅಜಯ್-ಅತುಲ್ ಬೆಳೆದದ್ದು ಜುನ್ನರ, ಶಿರೂರು, ರಾಜಗುರುನಗರದಂಥ ಊರುಗಳಲ್ಲಿ. 2016ರ 'ಸೈರಾಟ್'ಗೆ ಹಾಲಿವುಡ್ಡಿನ ಆರ್ಕೆಸ್ಟ್ರಾ ಬಂತು ನಿಜ. ಆದ್ರೆ 'ಝಿಂಗಾಟ್' ಹಾಡಿನ ಒದೆತ ಮೆರವಣಿಗೆಯದು ಅಂತಲೇ ನನ್ನ ಲೆಕ್ಕ. ಮರುವರ್ಷ 'ಮನಸು ಮಲ್ಲಿಗೆ'ಯಲ್ಲಿ ಅದೇ ಧಾಟಿ ಕನ್ನಡಕ್ಕೂ ಬಂತು, ನಮ್ಮ ಅಣ್ಣನ ಮಗನ ಮದುವೆಯಲ್ಲಿ ನಾನೂ ಎರಡು ಹೆಜ್ಜೆ ಹಾಕಿದೆ.

ಈಗ ನನ್ನ ತಪ್ಪಿನ ಕಥೆ. ಅದೇ 2016ರಲ್ಲಿ ಒಬ್ಬ ಹುಡುಗ ಮುದ್ರಾ ಸಾಲಕ್ಕೆ ಬಂದ. ಕೊಟೇಶನ್ನಿನಲ್ಲಿ ಬೇಸ್ ಸ್ಪೀಕರು, ಆಂಪ್ಲಿಫೈಯರು, ಜನರೇಟರು, ಕೊನೆಗೆ ಒಂದು ಒಳ್ಳೆ ಕೀಬೋರ್ಡು, ಲ್ಯಾಪ್‌ಟಾಪು, ಸೌಂಡ್ ಕಾರ್ಡು. ನಾನು ಬಿ.ಕಾಂ. ಬುದ್ಧಿ ಓಡಿಸಿದೆ. ಸ್ಪೀಕರು, ಜನರೇಟರು ಕಣ್ಣಿಗೆ ಕಾಣುವ ಆಸ್ತಿ, ನಾಳೆ ಜಪ್ತಿ ಮಾಡಿದರೂ ನಾಲ್ಕು ಕಾಸು ಬರ್ತದೆ. ಕೀಬೋರ್ಡು, ಲ್ಯಾಪ್‌ಟಾಪಿಗೆ ಎರಡು ವರ್ಷಕ್ಕೆ ಬೆಲೆ ಇಲ್ಲ. ಕೊನೆಯ ಮೂರು ಐಟಂ ಹೊಡೆದುಹಾಕಿ ಮಂಜೂರು ಮಾಡಿದೆ. ಅಂದ್ರೆ ಏನಾಯ್ತು? ಗದ್ದಲಕ್ಕೆ ಸಾಲ ಕೊಟ್ಟೆ, ಸಂಗೀತಕ್ಕೆ ಕೊಡಲಿಲ್ಲ. ಆಮೇಲೆ ಊಟಕ್ಕೆ ಕೂತು ಗದ್ದಲ, ಗದ್ದಲ ಅಂತ ದೂರುವವರೂ ನಾವೇ.

ಕಂತಿನ ವಿಷಯಾನೂ ಹಾಗೇ. ಕಬ್ಬಿನ ಬೆಳೆಸಾಲಕ್ಕೆ ಕಟಾವು ನೋಡಿ ವಾಯಿದೆ ಇಡ್ತೀವಿ. ಈ ಹುಡುಗರ ಕಟಾವು ಗಣಪತಿ, ನವರಾತ್ರಿ, ಶಿವಜಯಂತಿ, ಏಪ್ರಿಲ್ 14, ತುಳಸಿ ಲಗ್ನದ ಮೇಲಿನ ಮದುವೆಗಳು. ಆಷಾಢದಲ್ಲಿ ಕೈ ಖಾಲಿ. ಆದ್ರೂ ಪ್ರತಿ ತಿಂಗಳೂ ಕಂತು ಕಟ್ಟು ಅಂತೀವಿ. ಕಬ್ಬಿಗೊಂದು ನ್ಯಾಯ, ಕೀಬೋರ್ಡಿಗೊಂದು ನ್ಯಾಯ ಯಾಕೆ?

ಹಾಗಂತ ನಾನು ಸದ್ದಿನ ಪರ ಅಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಅಂತ 2000ದ ನಿಯಮಾನೇ ಇದೆ. ಮೆರವಣಿಗೆ ನಮ್ಮ ಓಣಿಗೆ ಬಂದರೆ ಅಡಿಗೆಮನೆ ಪಾತ್ರೆ ನಡುಗ್ತಾವೆ, ಅತ್ತೆಯವರು ಎದೆ ಹಿಡ್ಕೊಂಡು ಕೂರ್ತಾರೆ. 2018ರಲ್ಲಿ ಸೌಂಡ್ ವ್ಯವಸಾಯದವರು ವಿಸರ್ಜನೆಗೆ ಡಿಜೆ ಬಿಡಿ ಅಂತ ಬಾಂಬೆ ಹೈಕೋರ್ಟಿಗೆ ಹೋದಾಗ ಕೋರ್ಟು ಒಪ್ಪಲಿಲ್ಲ, ಸರಿಯೇ ಅನ್ನಿಸ್ತು. ಆದ್ರೆ ಊರಾಚೆ ಒಂದು ಬಯಲು, ಒಂದು ಡೆಸಿಬಲ್ ಮೀಟರು, ಹತ್ತು ಗಂಟೆಯ ಗಡುವು ಇಟ್ಟುಕೊಂಡು ಇವರಿಗೂ ಒಂದು ವೇದಿಕೆ ಕೊಡೋಕೆ ನಗರಪಾಲಿಕೆಗೆ ಏನು ಕಷ್ಟ? ಪುಣೆ ಪಕ್ಕ ಸಾಧ್ಯ ಆದದ್ದು ಇಲ್ಲಿ ಯಾಕಾಗಬಾರದು?

ಆ ಹುಡುಗನ ಕಥೆ ಮುಗಿದಿಲ್ಲ. 2020, 2021 ಎರಡೂ ವರ್ಷ ಮೆರವಣಿಗೆ ಇಲ್ಲ, ಖಾತೆ ಎನ್‌ಪಿಎ ಅಂಚಿಗೆ ಬಂತು. ಸ್ಪೀಕರು, ಜನರೇಟರು ಮಾರಿ ಸಾಲ ತೀರಿಸಿದ. ನನ್ನ ಲೆಕ್ಕದ ಪ್ರಕಾರ ಅವುಗಳಿಗೆ ಬರಬೇಕಿದ್ದ ಬೆಲೆ ಬರಲಿಲ್ಲ, ಅದು ಬೇರೆ ಮಾತು. ತನ್ನ ಉಳಿತಾಯದಲ್ಲಿ ಕೊಂಡಿದ್ದ ಹಳೇ ಕೀಬೋರ್ಡು ಮಾತ್ರ ಮಾರಲಿಲ್ಲ. ಈಗ ಅದರ ಮೇಲೆ ಜತ್ತ, ಅಕ್ಕಲಕೋಟೆ ಕಡೆಯ ಹಾಡುಗಾರರಿಗೆ ಟ್ರ್ಯಾಕ್ ಮಾಡಿ ಕೊಡ್ತಾನೆ, ಅರ್ಧ ಕನ್ನಡವೇ. ಭಾಷೆ ಬರಲ್ಲ. "ಸಾಹೇಬ್, ಈ ಸಾಲು ಎಲ್ಲಿ ಮುರೀಬೇಕು?" ಅಂತ ಫೋನ್ ಮಾಡ್ತಾನೆ. ನಾನು ಬೆರಳಲ್ಲಿ ಮೇಜು ತಟ್ಟಿ ತೋರಿಸ್ತೀನಿ, ಕ್ಯಾಷಿಯರ್ ನಗ್ತಾನೆ.

ಕಳೆದ ವಾರ ಮತ್ತೆ ಅರ್ಜಿ ಕೊಟ್ಟಿದ್ದಾನೆ. ಈ ಸಲ ಕೊಟೇಶನ್ನಿನಲ್ಲಿ ಸ್ಪೀಕರೇ ಇಲ್ಲ. ಕೀಬೋರ್ಡು, ಲ್ಯಾಪ್‌ಟಾಪು, ಸೌಂಡ್ ಕಾರ್ಡು. ಫೈಲು ನನ್ನ ಮೇಜಿನ ಮೇಲಿದೆ, ಕೆಂಪು ಪೆನ್ನನ್ನ ಡ್ರಾಯರಿಗೆ ಹಾಕಿದ್ದೀನಿ.