ಹೊಸ ಕೇಳುಗರ ಕೈಗೆ ಯಾವ ಮುದ್ರಿಕೆ?

“ಹಿಂದುಸ್ತಾನಿ ಸಂಗೀತ ಕೇಳಬೇಕೆಂಬ ಆಸೆಯಿದೆ ಸರ್, ಎಲ್ಲಿಂದ ಆರಂಭಿಸಲಿ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ನಾನು ಹಿಗ್ಗಿಹೋದೆ. ಹಿಗ್ಗಿನಲ್ಲಿ ತಪ್ಪನ್ನೂ ಮಾಡಿದೆ. ನನಗೆ ಪ್ರಿಯವಾದ ೩೦ ಮುದ್ರಿಕೆಗಳ ಪಟ್ಟಿಯನ್ನು ಆ ರಾತ್ರಿಯೇ ಅವಳ ಮೊಬೈಲಿಗೆ ಕಳುಹಿಸಿದೆ. ತಿಂಗಳ ತರುವಾಯ ವಿಚಾರಿಸಿದರೆ, ಮೊದಲನೆಯದೇ ೫೦ ನಿಮಿಷದ ವಿಲಂಬಿತ ಖಯಾಲ್; ತಬಲ ಒಂದು ಆವರ್ತ ಮುಗಿಸುವಷ್ಟರಲ್ಲಿ ತನ್ನ ಮನಸ್ಸು ಊರೆಲ್ಲ ಸುತ್ತಿ ಬಂದಿತೆಂದು ಸಂಕೋಚದಿಂದ ಹೇಳಿದಳು. ಉಳಿದ ೨೯ನ್ನು ಅವಳು ಮುಟ್ಟಿರಲಿಲ್ಲ.

ಗೌಹರ್ ಜಾನ್ ಅವರ ಕಂಠವನ್ನು ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಯಂತ್ರ ಹಿಡಿದಿಟ್ಟಿತಷ್ಟೆ. ಅಲ್ಲಿಂದ ಸುಮಾರು ಅರ್ಧ ಶತಮಾನ ಕಾಲ, ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷವೆಂಬ ಕಟ್ಟಳೆಗೆ ನಮ್ಮ ಗಾಯಕರು ಒಳಗಾಗಬೇಕಾಯಿತು. ರಾತ್ರಿಯೆಲ್ಲ ಹಾಡಬಲ್ಲವರು ಮೊದಲ ಸಾಲಿನಲ್ಲಿಯೇ ರಾಗದ ಮುಖ ತೋರಿಸಿ, ನಾಲ್ಕು ತಾನುಗಳಲ್ಲಿ ಮುಗಿಸಬೇಕು. ಇದು ಸಂಗೀತಕ್ಕೆ ಆದ ಅನ್ಯಾಯವೆನ್ನುವವರುಂಟು. ಬಹುಕಾಲ ನಾನೂ ಹಾಗೆಯೇ ಎಣಿಸಿದ್ದೆ. ಹೊಸಬರ ಮಟ್ಟಿಗೆ ಆ ಅನ್ಯಾಯವೇ ಉಪಕಾರವೆಂದು ಈಗ ತೋರುತ್ತದೆ. ಗದಗಿನ ಬಾಲಕ ಭೀಮಸೇನ ಜೋಶಿ ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟುದಕ್ಕೆ ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ ಪ್ರೇರಣೆಯಾಯಿತೆಂಬ ಸಂಗತಿ ಪ್ರಸಿದ್ಧವಾಗಿದೆ.

ಅಂದು ತಟ್ಟೆ ದುರ್ಲಭ. ಆದುದರಿಂದ ಒಂದನ್ನೇ ಸವೆಯುವ ತನಕ ಕೇಳುತ್ತಿದ್ದರು. ಇಂದು ಒಂದು ರಾಗದ ಕೊನೆಯ ಷಡ್ಜ ಆರುವ ಮುನ್ನವೇ ಮೊಬೈಲು ತಾನಾಗಿ ಮತ್ತೊಂದನ್ನು ಹಾಡಿಸತೊಡಗುತ್ತದೆ. ಸಿರಿವಂತಿಕೆಯೇನೋ ಹೌದು, ಆದರೆ ಕೇಳಿದ್ದು ನೆನಪಾಗಿ ನಿಲ್ಲಲು ಎಡೆಯೆಲ್ಲಿ? ಕುಮಾರವ್ಯಾಸನ ರುಚಿ ಹತ್ತಿಸಬೇಕಾದರೆ ನಾವು ಹತ್ತು ಪರ್ವಗಳನ್ನು ಒಮ್ಮೆಗೇ ಹೊರಿಸುತ್ತೇವೆಯೆ? ಗಮಕಿಯ ಬಾಯಲ್ಲಿ ಒಂದು ಷಟ್ಪದಿ ಕೇಳಿಸಿ, ಮತ್ತೊಮ್ಮೆ ಓದಿಸುತ್ತೇವೆ.

ಹಾಗೆಂದು ಮೂರು ನಿಮಿಷದಲ್ಲಿಯೇ ನಿಂತುಬಿಟ್ಟರೆ ರಾಗದ ವಿಸ್ತಾರ ಕಾಣದು. ಚಿಕ್ಕದರ ಬೆನ್ನಿಗೆ ಅದೇ ರಾಗದ ದೊಡ್ಡದೊಂದು ಬರಬೇಕು. ಅಬ್ದುಲ್ ಕರೀಂ ಖಾನರ ಶುದ್ಧ ಕಲ್ಯಾಣದ ತಟ್ಟೆ ಕಿವಿಯಲ್ಲಿ ನೆಲೆಸಿದ ಮೇಲೆ ಭೀಮಸೇನರ ಸುದೀರ್ಘ ಶುದ್ಧ ಕಲ್ಯಾಣ ಕೇಳಬೇಕು. ಖಾನರ ಶಿಷ್ಯರು ಸವಾಯಿ ಗಂಧರ್ವರು, ಅವರ ಶಿಷ್ಯರು ಭೀಮಸೇನರು; ತಾತನ ಚಹರೆ ಮೊಮ್ಮಗನಲ್ಲಿ ಎಲ್ಲಿ ಉಳಿದಿದೆ, ಎಲ್ಲಿ ಬದಲಾಗಿದೆ ಎಂಬುದು ಹೊಸ ಕಿವಿಗೂ ಹೊಳೆಯುವುದು.

ಇಲ್ಲಿ ಒಂದು ತೊಡಕಿದೆ. ಮೊಬೈಲಿನಲ್ಲಿ ಸಿಗುವ ಹಳೆಯ ಮುದ್ರಿಕೆಗಳಿಗೆ ಎಷ್ಟೋ ವೇಳೆ ವರ್ಷವಿಲ್ಲ, ಪಕ್ಕವಾದ್ಯದವರ ಹೆಸರಿಲ್ಲ. ರಾಗದ ಹೆಸರೂ ಕೆಲವೊಮ್ಮೆ ತಪ್ಪು. ಗಂಗೂಬಾಯಿ ಹಾನಗಲ್ಲರು ೧೯೩೦ರ ದಶಕದಲ್ಲಿ ಹಾಡಿದ ತಟ್ಟೆಗಳಲ್ಲಿ ತೆಳುವಾದ ಎತ್ತರದ ದನಿಯಿದೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರದ ಆ ಗಂಭೀರ ಕಂಠವನ್ನೇ ಬಲ್ಲವರು, ವರ್ಷ ತಿಳಿಯದಿದ್ದರೆ, ಇವರು ಬೇರೆ ಯಾರೋ ಎಂದುಕೊಂಡಾರು. ನಮ್ಮ ೧೯೫೭ರ ಕಾಯಿದೆಯಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ತರುವಾಯ ೬೦ ವರ್ಷ ಇರುವುದು. ಎಂದಮೇಲೆ ಖಾನರ ಕಾಲದ ತಟ್ಟೆಗಳು ಈಗ ಯಾರೊಬ್ಬರ ಸೊತ್ತೂ ಅಲ್ಲ. ಹತ್ತು ತಟ್ಟೆಗಳನ್ನು ಆರಿಸಿ, ರಾಗ, ತಾಳ, ವರ್ಷಗಳನ್ನು ಕನ್ನಡದಲ್ಲಿ ಸರಿಯಾಗಿ ಬರೆದು, ಕಾಲೇಜಿನ ಗ್ರಂಥಾಲಯಗಳಲ್ಲಿ ಇಡಲು ಅಡ್ಡಿಯೇನು? ವೆಚ್ಚ ಹೆಚ್ಚಲ್ಲ, ಬಲ್ಲವರು ಕುಳಿತು ಆರಿಸಬೇಕು, ಅಷ್ಟೆ. ನೂರು ಆರಿಸುವುದು ಸುಲಭ, ಹತ್ತು ಕಷ್ಟ.

ಆ ವಿದ್ಯಾರ್ಥಿನಿಗೆ ಈ ಸಲ ಆ ಎರಡು ಶುದ್ಧ ಕಲ್ಯಾಣಗಳನ್ನು ಮಾತ್ರ ಕೊಟ್ಟೆ. ಚಿಕ್ಕದನ್ನು ಹತ್ತು ದಿನ ಕೇಳಿದ ಮೇಲೆಯೇ ದೊಡ್ಡದು ಎಂಬ ಷರತ್ತು ಹಾಕಿದೆ. ಕಳೆದ ವಾರ ಬಂದು ಕೇಳಿದಳು: “ಸರ್, ಮೇಲಿನಿಂದ ಇಳಿಯುವಾಗ ನಡುವೆ ಒಂದು ಸ್ವರ ಸಿಕ್ಕಂತಾಗಿ ಜಾರಿಹೋಗುತ್ತದಲ್ಲ, ಅದು ಯಾವುದು?” ಶುದ್ಧ ಕಲ್ಯಾಣದ ಅವರೋಹದಲ್ಲಿ ನಿಷಾದವೂ ತೀವ್ರ ಮಧ್ಯಮವೂ ಮೀಂಡಿನ ಮರೆಯಲ್ಲಿಯೇ ಸುಳಿದು ಹೋಗುತ್ತವೆಂಬುದನ್ನು ನಾನಿನ್ನೂ ಅವಳಿಗೆ ಹೇಳಿಲ್ಲ. ಇನ್ನೆರಡು ದಿನ ಕೇಳು ಎಂದಿದ್ದೇನೆ.